ಸೆನೆಟರನ್ನು ಮನೆಗೆ ಕಳಿಸಲು ಅರ್ಧ ಕ್ಷೇತ್ರದ ಸಹಿ ಬೇಕೆ?

ನೈಜೀರಿಯಾದ 36 ರಾಜ್ಯಗಳಿಗೆ ತಲಾ ಮೂರು ಸೆನೆಟ್ (ಸಂಸತ್ತಿನ ಮೇಲ್ಮನೆ) ಕ್ಷೇತ್ರ, ರಾಜಧಾನಿ ಅಬುಜಾಕ್ಕೆ ಒಂದು; ಒಟ್ಟು 109. ಗೆದ್ದವರಿಗೆ ನಾಲ್ಕು ವರ್ಷದ ಅವಧಿ. ನಡುವೆಯೇ ಬೇಡವೆನಿಸಿದರೆ ಸಂವಿಧಾನದ 69ನೇ ವಿಧಿ ಇದೆ: ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಹಿ ಹಾಕಿ ಅರ್ಜಿ ಕೊಡಬೇಕು, ಆಮೇಲೆ ಜನಮತಗಣನೆ. 1999ರ ಈ ಸಂವಿಧಾನದಡಿ ಹೀಗೆ ಮನೆಗೆ ಹೋದ ಸೆನೆಟರ್ ಇಲ್ಲ.

ಪರ

ಕೋಗಿ ರಾಜ್ಯದ ಕಥೆ ಗೊತ್ತಿದ್ದವರು ಈ ಮಿತಿಯನ್ನು ತಗ್ಗಿಸಿ ಎನ್ನಲಾರರು. ಕೋಗಿ ಪಶ್ಚಿಮದ ಸೆನೆಟರ್ ಡಿನೊ ಮೆಲಾಯೆಗೂ ಆಗಿನ ಗವರ್ನರ್ ಯಹಾಯಾ ಬೆಲ್ಲೊಗೂ ಎಣ್ಣೆ-ಸೀಗೆಕಾಯಿ. 2017ರಲ್ಲಿ ಮೆಲಾಯೆ ವಿರುದ್ಧ ಸುಮಾರು 1.89 ಲಕ್ಷ ಸಹಿಗಳ ಕಂತೆ ಚುನಾವಣಾ ಆಯೋಗಕ್ಕೆ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ಆಯೋಗದವರು ಮತಗಟ್ಟೆಗಳಲ್ಲಿ ಕೂತು, ಸಹಿ ಹಾಕಿದವರು ಬನ್ನಿ ಎಂದು ಕರೆದರು. ತಾಳೆಯಾದದ್ದು 18,742. ಉಳಿದವರು ಬರಲಿಲ್ಲವೋ, ಇರಲೇ ಇಲ್ಲವೋ!

ಮಿತಿ ಹತ್ತನೇ ಒಂದು ಪಾಲು ಇದ್ದಿದ್ದರೆ ಅಧಿಕಾರದಲ್ಲಿರುವವರಿಗೆ ಸಹಿ ಕೂಡಿಸುವುದೇ ಒಂದು ಕಸುಬಾಗುತ್ತಿತ್ತು. ಜನಾಂಗದ ಲೆಕ್ಕವೂ ಇದೆ. ಅದೇ ರಾಜ್ಯದ ಕೋಗಿ ಕೇಂದ್ರ ಎಂಬ ಸೆನೆಟ್ ಕ್ಷೇತ್ರದಲ್ಲಿ ಒಕೆನೆ, ಅಡಾವಿಯಂಥ ಎಬಿರಾ ಜನಾಂಗದ ಸೀಮೆಗಳ ಪಕ್ಕದಲ್ಲೇ ಬೇರೆ ನುಡಿಯಾಡುವ ಪುಟ್ಟ ಒಗೊರಿ-ಮಗೊಂಗೊ ಇದೆ. ಅಲ್ಲಿಂದ ಎಂದಾದರೂ ಒಬ್ಬರು ಗೆದ್ದು ಬಂದರೆ, ಅವರನ್ನು ಇಳಿಸಲು ದೊಡ್ಡ ಊರೊಂದರ ಸಹಿಗಳೇ ಸಾಕಾಗಬಾರದು.

ಮೆಲಾಯೆ ಕೊನೆಗೆ ಸೋತರು. 2019ರ ಅವರ ಗೆಲುವನ್ನು ನ್ಯಾಯಾಲಯ ರದ್ದು ಮಾಡಿತು, ಮರುಚುನಾವಣೆಯಲ್ಲಿ ಸ್ಮಾರ್ಟ್ ಅಡೆಯೆಮಿ ಗೆದ್ದರು. ಆ ಕೆಲಸಕ್ಕೆ ಮತಪೆಟ್ಟಿಗೆಯೇ ಸಾಕಾಯಿತು.

ವಿರೋಧ

ನನಗೆ ಇಕ್ಕಟ್ಟಿನ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. 2025ರ ಮಾರ್ಚ್‌ನಲ್ಲಿ ಕೋಗಿ ಕೇಂದ್ರದ ಸೆನೆಟರ್ ನತಾಶಾ ಅಕ್ಪೊಟಿ-ಉದುವಾಘನ್ ಅವರನ್ನು ವಾಪಸ್ ಕರೆಸುವ ಅರ್ಜಿ ಬಂತು. ಕ್ಷೇತ್ರದ ಮತದಾರರು 4,74,554. ಸಹಿಗಳು 2,08,132, ಅಂದರೆ ಶೇ 43.86. ಅರ್ಧ ದಾಟಲಿಲ್ಲವೆಂದು ಆಯೋಗ ಅಲ್ಲಿಗೇ ಕೈಬಿಟ್ಟಿತು. ಆ ಅರ್ಜಿ ಬಿದ್ದದ್ದು ನನಗೆ ಸಮಾಧಾನವೇ. ಬೀಳಿಸಿದ ಲೆಕ್ಕ ಮಾತ್ರ ಸರಿಯಿಲ್ಲ.

ನೋಂದಾಯಿತ ಮತದಾರರು ಎಂದರೆ ಯಾರು? ಪಟ್ಟಿಯಿಂದ ಹೆಸರು ಹೋಗದ ಸತ್ತವರು, ಲಾಗೋಸಿಗೋ ಅಬುಜಾಕ್ಕೋ ದುಡಿಯಲು ಹೋದವರು, ಎಂದೂ ಮತಗಟ್ಟೆ ತುಳಿಯದವರು, ಎಲ್ಲರೂ. ಈ ಲೆಕ್ಕದಲ್ಲಿ ಇವರೆಲ್ಲ ಸೆನೆಟರ್ ಕಡೆಯವರೇ. 2023ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೇಶದಾದ್ಯಂತ ಮತ ಹಾಕಿದ್ದು ಶೇ 27ರಷ್ಟು ಜನ. ಸೆನೆಟ್ ಮತದಾನವೂ ಅದೇ ದಿನ ನಡೆದಿತ್ತು. ಗೆಲ್ಲಲು ಬಂದವರ ಪೈಕಿ ಮುಂದಿದ್ದರೆ ಸಾಕು; ಇಳಿಸಲು ಮಾತ್ರ ಬಾರದವರನ್ನೂ ಹುಡುಕಿ ತರಬೇಕು. ಕಳ್ಳಸಹಿಯ ಭಯವೇ? ಮೆಲಾಯೆ ಪ್ರಕರಣದಲ್ಲಿ ಬಣ್ಣ ಬಯಲಾದದ್ದು ಮತಗಟ್ಟೆಯ ಪರಿಶೀಲನೆಯಿಂದ. ಆ ಪರಿಶೀಲನೆ ಹಾಗೇ ಉಳಿಯಲಿ. ಮಿತಿಯನ್ನು ಹಿಂದಿನ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಮೇಲೆ ಕಟ್ಟಲಿ.

ಇನ್ನೊಂದು ಕಡೆ ನೋಡಿ. ನತಾಶಾ ಅವರನ್ನು ಅದೇ ಮಾರ್ಚ್ 6ರಂದು ಸೆನೆಟ್ ಆರು ತಿಂಗಳು ಅಮಾನತು ಮಾಡಿತು. ಅದಕ್ಕೆ ಕ್ಷೇತ್ರದ ಒಂದು ಸಹಿಯೂ ಬೇಕಾಗಲಿಲ್ಲ. ಇಷ್ಟು ದೀರ್ಘ ಅವಧಿ ವಿಪರೀತವೆಂದು ಜುಲೈನಲ್ಲಿ ಫೆಡರಲ್ ಹೈಕೋರ್ಟ್ ಹೇಳಿತು. ದಶಕಗಳಿಂದ ಮುಗಿಯದ ಅಜಾವೊಕುಟಾ ಉಕ್ಕಿನ ಕಾರ್ಖಾನೆ ಇರುವುದು ಈ ಕ್ಷೇತ್ರದಲ್ಲೇ. ಆ ಆರು ತಿಂಗಳು ಅದರ ಬಗ್ಗೆ ಸೆನೆಟ್‌ನಲ್ಲಿ ಎದ್ದು ಕೇಳಲು ಕೋಗಿ ಕೇಂದ್ರದವರು ಯಾರೂ ಇರಲಿಲ್ಲ.