ಎಷ್ಟು ಜನ ಕೈ ಜೋಡಿಸಿದರೂ ಎರಡೇ ದಾಳ

ಮೊನ್ನೆ ಭಾನುವಾರದ ಆಟದಲ್ಲಿ ನನಗೆ ಸಾಕಾಗಿಹೋಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ, ಆಯಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡುವ ಆಟ. ಕಬ್ಬಿಣದ ಗೇಟು ಎತ್ತಬೇಕು, ಒಳಗೆ ನೀರು ಏರುತ್ತಿದೆ. ನನ್ನ ಯೋಧ ಹೆಗಲು ಕೊಟ್ಟ, ಒಬ್ಬಳು ಸರಳು ಹಿಡಿದಳು, ಇನ್ನೊಬ್ಬ ಕೆಳಗೆ ಈಟಿ ತೂರಿಸಿ ಮೀಟಿದ, ಮತ್ತೊಬ್ಬ ಹಗ್ಗ ಕಟ್ಟಿ ಎಳೆದ. ಎಲ್ಲರೂ ಎಷ್ಟು ಚೆನ್ನಾಗಿ ವಿವರಿಸಿದರು! ಸಿಕ್ಕಿದ್ದೇನು? ಅಡ್ವಾಂಟೇಜ್. ಇಪ್ಪತ್ತು ಮುಖದ ದಾಳ ಎರಡು ಸಲ ಉರುಳಿಸಿ, ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಬೇಕು. ಒಬ್ಬರು ನೆರವಾದರೂ ಅಷ್ಟೇ, ಮೂವರಾದರೂ ಅಷ್ಟೇ. 4 ಬಿತ್ತು, ಆಮೇಲೆ 7. ಗೇಟು ಅಲ್ಲಾಡಲಿಲ್ಲ. ಹಗ್ಗ ಎಳೆದವನು ಸುಮ್ನೆ ಮೊಬೈಲ್ ತೆಗೆದುಕೊಂಡು ಕೂತುಬಿಟ್ಟ. ಅವನು ಉರುಳಿಸಲು ಒಂದು ದಾಳವೂ ಇರಲಿಲ್ಲವಲ್ಲ, ಇನ್ನೇನು ಮಾಡಬೇಕಿತ್ತು?

ಇದೇ ಆಟದ ಹಳೇ 3.5 ಆವೃತ್ತಿಯಲ್ಲಿ ನೆರವಾಗುವವರೂ ದಾಳ ಹಾಕುತ್ತಿದ್ದರು. 10 ಅಥವಾ ಜಾಸ್ತಿ ಬಂದರೆ ಮುಖ್ಯ ಕೆಲಸ ಮಾಡುವವನ ಅಂಕಕ್ಕೆ 2 ಸೇರುತ್ತಿತ್ತು, ಒಬ್ಬೊಬ್ಬರದೂ ಕೂಡಿಕೊಳ್ಳುತ್ತಿತ್ತು. ಲೆಕ್ಕ ಜಾಸ್ತಿ, ನಿಜ. ಆದರೆ ಎಲ್ಲರ ಕೈಯಲ್ಲೂ ದಾಳ ಇತ್ತು ಅಲ್ವಾ? 2024ರ ಹೊಸ ನಿಯಮದ ಪುಸ್ತಕವಂತೂ ಇನ್ನೂ ಬಿಗಿ. ನೆರವಾಗುವವರು ಆ ಕೌಶಲದಲ್ಲಿ ಪಳಗಿರಲೇಬೇಕಂತೆ. ನೀರು ಕುತ್ತಿಗೆಗೆ ಬಂದಾಗ ಗೆಳೆಯನ ಜೊತೆ ಹಗ್ಗ ಹಿಡಿದು ಎಳೆಯುವುದಕ್ಕೂ ತರಬೇತಿ ಬೇಕಾ? ಒಟ್ಟಿಗೆ ಕೂತು ಆಡುವ ಆಟದಲ್ಲೇ ಒಟ್ಟಿಗೆ ಮಾಡುವ ಕೆಲಸಕ್ಕೆ ಇಷ್ಟೇನಾ ಬೆಲೆ?