ಹಸಿವಿನ ತಿಥಿಗೆ ಕೀಟೋ ಲಡ್ಡು

ಅನ್ನ, ಸಕ್ಕರೆ ಬಿಟ್ಟು ಕೊಬ್ಬನ್ನೇ ನೆಚ್ಚುವ ಕೀಟೋ ಪಥ್ಯದಲ್ಲಿ ಪುಕ್ಕಟೆ ಸಿಗುವ ವರ ಒಂದೇ: ಹಸಿವು ಸಾಯುತ್ತದೆ. ಕಾರ್ಬ್ ಅನ್ನು, ಅಂದರೆ ಪಿಷ್ಟ ಮತ್ತು ಸಕ್ಕರೆಯನ್ನು, ದಿನಕ್ಕೆ 20ರಿಂದ 50 ಗ್ರಾಮಿನೊಳಗೆ ಹಿಡಿದಿಟ್ಟರೆ ಕೆಲವೇ ದಿನಗಳಲ್ಲಿ ಲಿವರ್ ಕೊಬ್ಬು ಒಡೆದು ಕೀಟೋನ್ ಎಂಬ ಬದಲಿ ಇಂಧನ ತಯಾರಿಸತೊಡಗುತ್ತದೆ. ತೂಕ ಇಳಿದಂತೆ ಏರಬೇಕಾದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಆಗ ಅಷ್ಟಾಗಿ ಏರುವುದಿಲ್ಲ. ಹನ್ನೊಂದು ಗಂಟೆಗೆ ಕ್ಯಾಂಟೀನಿನಿಂದ ಬೋಂಡಾ ವಾಸನೆ ಬಂದರೂ ಹೊಟ್ಟೆ ತಣ್ಣಗಿರುತ್ತದೆ.

ಪುಕ್ಕಟೆ ವರದಲ್ಲಿ ಯಾರಿಗೇನು ಲಾಭ? ಅದಕ್ಕೇ ಸತ್ತ ಹಸಿವಿಗೆ ಬೆಂಗಳೂರು ಭರ್ಜರಿ ತಿಥಿ ಊಟ ಹಾಕುತ್ತಿದೆ. ಕೀಟೋ ಲಡ್ಡು, ಕೀಟೋ ಕುಕ್ಕಿ, ತುಪ್ಪ ಕದಡಿದ ಕಾಫಿ, ಬಾಯಾಡಿಸಲು ‘ಫ್ಯಾಟ್ ಬಾಂಬ್’. ಹಸಿವೇ ಇಲ್ಲದ ಮನುಷ್ಯ ಅಲಾರಂ ಇಟ್ಟುಕೊಂಡು ತಿನ್ನುತ್ತಾನೆ. ‘ಇವತ್ತಿನ ಕೊಬ್ಬಿನ ಕೋಟಾ ಬಾಕಿ ಇದೆ’ ಅಂತ ಆ್ಯಪ್ ಹೇಳಿದೆಯಲ್ಲ! ಒಂದು ದೊಡ್ಡ ಚಮಚ ತುಪ್ಪಕ್ಕೆ ಸುಮಾರು 120 ಕ್ಯಾಲೊರಿ. ಕಾಫಿಗೆ ಎರಡು ಚಮಚ, ಬಾಂಬಿಗೆ ಇನ್ನೆರಡು ಅಂದರೆ ಹತ್ತಿರ ಹತ್ತಿರ 500. ದೇಹ ಮೊದಲು ಉರಿಸುವುದು ಈ ತುಪ್ಪವನ್ನು. ಸೊಂಟದ ಕೊಬ್ಬಿನ ಸರದಿ ಬರುವ ಹೊತ್ತಿಗೆ ಮತ್ತೆ ಅಲಾರಂ.

ಲಡ್ಡುವಿನ ಡಬ್ಬಿಯ ಮೇಲೆ ‘ಸಕ್ಕರೆ ಸೊನ್ನೆ’ ಎಂದು ದಪ್ಪಕ್ಷರ, ಹಿಂಬದಿಯಲ್ಲಿ ಸಕ್ಕರೆಯ ಬದಲಿ ಸಿಹಿ ‘ಮಾಲ್ಟಿಟಾಲ್’ ಎಂದು ಸಣ್ಣಕ್ಷರ. ಮೈಗೆ ದಕ್ಕುವ ಕಾರ್ಬ್ ಮಾತ್ರ ಎಣಿಸುವ ‘ನೆಟ್ ಕಾರ್ಬ್’ ಲೆಕ್ಕದಲ್ಲಿ ಅದನ್ನು ಪೂರಾ ಕಳೆದು ಸೊನ್ನೆ ತೋರಿಸುತ್ತಾರೆ. ಕರುಳಿಗೆ ಆ ಗಣಿತ ಬರುವುದಿಲ್ಲ. ಒಂದಷ್ಟು ಗ್ಲೂಕೋಸಾಗಿ ರಕ್ತಕ್ಕೆ ಹೋಗುತ್ತದೆ, ಉಳಿದದ್ದು ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸಾಗಿ, ಲಿಫ್ಟಿನಲ್ಲಿ ಜೊತೆಗಿದ್ದವರ ಪಾಲಾಗುತ್ತದೆ. ಮಾಲ್ಟಿಟಾಲ್ ಬೇಡವೆನ್ನುವ ಸಾತ್ವಿಕರಿಗೆ ಖರ್ಜೂರದ್ದೂ ಇದೆ. 100 ಗ್ರಾಂ ಖರ್ಜೂರದಲ್ಲಿ 70 ಗ್ರಾಮಿಗೂ ಮೇಲೆ ಕಾರ್ಬ್. ಆದರೆ ಡ್ರೈಫ್ರೂಟ್ ಅಂದಮೇಲೆ ಅದೂ ಕೀಟೋವೇ ಬಿಡಿ.

ಇನ್ನು ಸುಸ್ತಿನ ವಿಷಯ. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ ಇರುತ್ತದೆ, ಒಂದೊಂದು ಗ್ರಾಮಿಗೂ ಅಂದಾಜು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮೊದಲ ವಾರ ಇಳಿಯುವ ಎರಡು ಕೆಜಿಯಲ್ಲಿ ಬಹುಪಾಲು ಅದೇ. ಸ್ಟೇಟಸ್‌ನಲ್ಲಿ ‘ಎರಡು ಕೆಜಿ ಕೊಬ್ಬು ಕರಗಿತು’ ಎಂದು ಹಾಕಿದ್ದು ಅಸಲಿಗೆ ಬಚ್ಚಲಿನಲ್ಲಿ ಹರಿದುಹೋಗಿದೆ. ಜೊತೆಗೆ ಇನ್ಸುಲಿನ್ ಇಳಿದು ಕಿಡ್ನಿ ಸೋಡಿಯಂ ಹೊರಹಾಕುತ್ತದೆ. ಎರಡನೇ ಮೂರನೇ ದಿನಕ್ಕೆ ತಲೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಂಡು ಕಿರುಚಾಟ.

ಇದಕ್ಕೆ ಮದ್ದು ಅಡುಗೆಮನೆಯ ಉಪ್ಪು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇಲ್ಲದವರಿಗೆ ಅಡುಗೆಯದ್ದೂ ಸೇರಿ ದಿನಕ್ಕೆ ಸುಮಾರು ಎರಡು ಟೀ ಚಮಚ ಬೇಕಾಗಬಹುದು. ಜೊತೆಗೆ ಪೊಟ್ಯಾಸಿಯಂಗೆ ಸೊಪ್ಪು, ಬೆಣ್ಣೆಹಣ್ಣು. ಆದರೆ ನಮ್ಮಲ್ಲಿ ಅನ್ನ ಬಿಟ್ಟವನ ತಟ್ಟೆಯಿಂದ ಸಾರು, ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಮಜ್ಜಿಗೆ ಎಲ್ಲವೂ ಅನ್ನದ ಹಿಂದೆಯೇ ಎದ್ದು ಹೋಗುತ್ತವೆ. ಬೇಳೆ ಹಾಕದ ತಿಳಿಸಾರು ಎರಡು ಲೋಟ ಕುಡಿದರೆ ಮುಗಿಯುವ ಕೆಲಸಕ್ಕೆ ನಿಂಬೆ ಪರಿಮಳದ ಎಲೆಕ್ಟ್ರೋಲೈಟ್ ಪೊಟ್ಟಣ ತರಿಸುತ್ತಾನೆ. ಒಳಗಿರುವುದು ಮುಖ್ಯವಾಗಿ ಉಪ್ಪೇ. ಅಂಗಡಿಯವನು ‘ಉಪ್ಪು’ ಎಂದು ಬರೆದಿದ್ದರೆ ಇವನು ಕೊಳ್ಳುತ್ತಿರಲಿಲ್ಲ.

ಉಪ್ಪು ಸರಿಯಾದರೂ ಮೊದಲಿನ ಚುರುಕು ಬರಲು ಎರಡರಿಂದ ನಾಲ್ಕು ವಾರ ಬೇಕು. ಆಮೇಲೂ ನಡಿಗೆಗೆ ಅಡ್ಡಿಯಿಲ್ಲ, ಬ್ಯಾಡ್ಮಿಂಟನ್ ಸ್ಮ್ಯಾಶ್ ಮಾತ್ರ ನೆಟ್‌ಗೆ ಬೀಳುತ್ತದೆ; ಆ ವೇಗದ ಕೆಲಸಕ್ಕೆ ಗ್ಲೈಕೋಜನ್ನೇ ಬೇಕು.

1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಪಥ್ಯವನ್ನು ಸೂಚಿಸಿದ್ದು ಮೂರ್ಛೆರೋಗಿಗಳಿಗೆ. ಈಗಲೂ ಆ ಚಿಕಿತ್ಸೆಯಲ್ಲಿ ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ವೈದ್ಯರ ಕಣ್ಗಾವಲಿನಲ್ಲೇ ಕೊಡುತ್ತಾರೆ. ನಮ್ಮಲ್ಲಿ ಆ ಜವಾಬ್ದಾರಿ ಅಪಾರ್ಟ್‌ಮೆಂಟ್ ಗ್ರೂಪಿನ ಅಡ್ಮಿನ್‌ದು. ಶುಗರ್ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಅನ್ನ ಬಿಟ್ಟರೆ ಶುಗರ್ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್ ಬಗೆಯ ಶುಗರ್ ಮಾತ್ರೆ ನುಂಗುವವರಲ್ಲಿ ಗ್ಲೂಕೋಮೀಟರ್ ಗಾಬರಿಯ ಅಂಕಿ ತೋರಿಸದಿದ್ದರೂ ರಕ್ತ ಆಮ್ಲೀಯವಾಗಬಹುದು. ವಾಂತಿ, ಏದುಸಿರು ಬಂದರೆ ಆಸ್ಪತ್ರೆಗೆ ಓಡಬೇಕು. ಗ್ರೂಪಿನಲ್ಲಿ ಬರುವ ಉತ್ತರ: ‘ಟಾಕ್ಸಿನ್ ಹೊರಗೆ ಹೋಗ್ತಿದೆ ಸರ್, ಒಳ್ಳೇದು.’

ಎಲ್ಲಕ್ಕಿಂತ ಸೊಗಸು ಭಾನುವಾರದ ‘ಚೀಟ್ ಡೇ’. ಒಂದು ಬಿರಿಯಾನಿ, ಎರಡು ಒಬ್ಬಟ್ಟು: ಗ್ಲೈಕೋಜನ್ ನೀರಿನೊಂದಿಗೆ ವಾಪಸ್, ಕೀಟೋನ್ ಮಾಯ. ಸೋಮವಾರ ಸತ್ತಿದ್ದ ಹಸಿವು ಎದ್ದು ಕೂರುತ್ತದೆ, ಮಂಗಳವಾರ ತಲೆನೋವು, ಬುಧವಾರ ಮೀನಖಂಡ. ಕೀಟೋ ಮಾಡದವನ ಹಸಿವು, ಕೀಟೋ ಶುರುಮಾಡಿದವನ ಸುಸ್ತು, ಎರಡೂ ಒಂದೇ ಮೈಗೆ, ವಾರವಾರ. ಗುರುವಾರದ ಹೊತ್ತಿಗೆ ಹೇಗೋ ಸುಧಾರಿಸಿಕೊಳ್ಳುತ್ತಾನೆ. ಶುಕ್ರವಾರ ಸಂಜೆ ಗ್ರೂಪಿನಲ್ಲಿ ಪ್ರಶ್ನೆ ಬೀಳುತ್ತದೆ: ‘ಸಂಡೇ ದೊನ್ನೆ ಬಿರಿಯಾನಿನಾ, ಬಿಸಿಬೇಳೆ ಬಾತಾ?’