ಅವರು ಕೂರುವ ಮೊದಲು ವಾಕರ್‌ಗೆ ಕೈ ಹಾಕಬೇಡಿ

ಇವತ್ತು ಮತ್ತೆ ಅದನ್ನೇ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ವಯಸ್ಸಾದ ತಾಯಿಯೊಬ್ಬರು ಕಾರಿನ ಪಕ್ಕ ನಿಂತಿದ್ದರು. ತೆರೆದ ಬಾಗಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಎಷ್ಟು ಬಿಗಿಯಾಗಿ ಅಂದರೆ ಉಗುರುಗಳು ಬಿಳಿಚಿಕೊಂಡಿದ್ದವು. ಬಾಗಿಲು ಸ್ವಲ್ಪ ಆಚೆ ಹೋದರೆ ಅವರೂ ಆಚೆ, ಈಚೆ ಬಂದರೆ ಅವರೂ ಈಚೆ. ಮಗ ಕಾರಿನ ಹಿಂದೆ ನಿಂತು ಅವರ ವಾಕರ್ ಮಡಚುತ್ತಿದ್ದ. ಅದು ಮಡಚಿಕೊಳ್ಳುತ್ತಿರಲಿಲ್ಲ. ಎಳೆದ, ಒತ್ತಿದ, ಕಾಲಲ್ಲಿ ತುಳಿದ. ಮಧ್ಯೆ ಮಧ್ಯೆ "ಒಂದೇ ನಿಮಿಷ ನಿಂತಿರಮ್ಮ" ಅಂತ ಕೂಗುತ್ತಿದ್ದ.

ಒಂದು ನಿಮಿಷ ಆಧಾರ ಇಲ್ಲದೆ ನಿಲ್ಲೋಕೆ ಆಗುವಂತಿದ್ದರೆ ಅವರು ವಾಕರ್ ಯಾಕೆ ಹಿಡಿಯುತ್ತಿದ್ದರು? ನಾನು ಹೋಗಿ ಪಕ್ಕದಲ್ಲಿ ನಿಂತು ಅವರನ್ನು ಸೀಟಿನಲ್ಲಿ ಕೂರಿಸಿದೆ. ಮಗ ಥ್ಯಾಂಕ್ಸ್ ಹೇಳಿದ. ಅಮ್ಮನ ಎದುರು ಮಗನಿಗೆ ಬುದ್ಧಿ ಹೇಳೋಕೆ ಮನಸ್ಸು ಬರಲಿಲ್ಲ. ಅಲ್ಲಿ ಹೇಳದೆ ಬಂದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಮ್ಮನಿಗೂ ಮಂಡಿಯ ತೊಂದರೆ, ವಾಕರ್ ಹಿಡಿದೇ ನಡೆಯುತ್ತಾಳೆ. ನಾಲ್ಕು ಚಕ್ರ, ಎರಡು ಬ್ರೇಕ್, ಮಧ್ಯೆ ಒಂದು ಸೀಟು ಇರುವ ವಾಕರ್ ನಮ್ಮ ಮನೆಯ ಒಬ್ಬ ಸದಸ್ಯನೇ ಆಗಿಹೋಗಿದೆ. ಅದನ್ನು ಮಡಚುವುದು, ಎತ್ತುವುದು, ಇಡುವುದು ನನ್ನ ದಿನದ ಕೆಲಸ. ಹಾಗಾಗಿ ಈ ವಿಷಯದಲ್ಲಿ ನನಗೆ ತಾಳ್ಮೆ ಕಮ್ಮಿ.

ನಡೆಯುವಾಗ ಬೀಳುತ್ತಾರೆ ಅಂತ ಎಲ್ಲರಿಗೂ ಭಯ. ಹಿಂದೆ ಹಿಂದೆ ಬರುತ್ತಾರೆ, "ನಿಧಾನ, ನಿಧಾನ" ಅನ್ನುತ್ತಾರೆ. ಆದರೆ ವಾಕರ್ ಕೈಯಲ್ಲಿದ್ದಾಗ ಅವರಿಗೆ ಆಧಾರ ಇರುತ್ತದೆ. ಭಯಪಡಬೇಕಾದ ಹೊತ್ತು ಬೇರೆ. ಅದು ವಾಕರ್ ಕೈ ಬಿಟ್ಟು, ಕುರ್ಚಿಯೋ ಕಾರಿನ ಸೀಟೋ ಇನ್ನೂ ಸಿಗದೇ ಇರುವ ಹೊತ್ತು. ಅದೇ ಹೊತ್ತಿಗೆ ಸರಿಯಾಗಿ ನಾವು "ಕೊಡಿ, ನಾನು ಇಡ್ತೀನಿ" ಅಂತ ಕಿತ್ತುಕೊಳ್ಳುತ್ತೇವೆ. ಏಣಿಯಿಂದ ಇಳಿಯುತ್ತಿರುವವರ ಕಾಲ ಕೆಳಗಿನ ಏಣಿ ತೆಗೆದಂತೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅದರಲ್ಲಿ 60 ದಾಟಿದವರೇ ಜಾಸ್ತಿ. ಬೀಳೋಕೆ ದೊಡ್ಡ ಮೆಟ್ಟಿಲೇ ಬೇಕಿಲ್ಲ. ಆಡುವ ಕಾರಿನ ಬಾಗಿಲು ಸಾಕು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ವಾಕರ್ ಹಿಡಿದೇ ಅವರು ಕಾರಿನ ಸೀಟಿನ ತನಕ ಬರಬೇಕು. ನಿಧಾನವಾಗಿ ತಿರುಗಿ ಹಿಂದೆ ಸರಿಯಬೇಕು. ಸೀಟಿನ ಅಂಚು ಕಾಲಿನ ಹಿಂಭಾಗಕ್ಕೆ ತಾಗಬೇಕು. ಆಗ ಎರಡೂ ಬ್ರೇಕ್ ಲಿವರ್ ಕೆಳಗೆ ಒತ್ತಿ ಲಾಕ್ ಮಾಡಬೇಕು. ಒಂದು ಕೈ ಹಿಂದೆ ಹಾಕಿ ಸೀಟು ಹಿಡಿದು ಕೂರಬೇಕು. ಆಮೇಲೆ ಕಾಲು ಒಳಗೆ. ಇಷ್ಟಾದ ಮೇಲೆ, ಇಷ್ಟೂ ಆದ ಮೇಲೆ ಮಾತ್ರ, ವಾಕರ್ ನಿಮ್ಮ ಕೈಗೆ. ಇಳಿಯುವಾಗ ಇದೇ ಉಲ್ಟಾ. ಮೊದಲು ವಾಕರ್ ಡಿಕ್ಕಿಯಿಂದ ಇಳಿಯಬೇಕು, ಪೂರ್ತಿ ಬಿಚ್ಚಿಕೊಳ್ಳಬೇಕು, ಬ್ರೇಕ್ ಲಾಕ್ ಆಗಿ ಅವರ ಮುಂದೆ ಬಂದು ನಿಲ್ಲಬೇಕು. ಅಲ್ಲಿಯ ತನಕ ಅವರು ಕೂತೇ ಇರಲಿ. ಏಳುವಾಗಲೂ ವಾಕರ್ ಹಿಡಿದು ತಮ್ಮನ್ನು ಎಳೆದುಕೊಳ್ಳಬಾರದು, ಅದು ಮಗುಚಬಹುದು. ಸೀಟನ್ನು ಕೈಯಿಂದ ಒತ್ತಿ ಎದ್ದು, ನಿಂತ ಮೇಲೆ ಹ್ಯಾಂಡಲ್ ಹಿಡಿಯಬೇಕು.

ಇದನ್ನು ಹೇಳಿದಾಗೆಲ್ಲ ಒಂದೇ ಉತ್ತರ ಬರುತ್ತದೆ. "ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿರುತ್ತವೆ, ನಮಗೂ ಅವಸರ ಇರುತ್ತದೆ, ನಾವೇನು ಬೇಕು ಅಂತ ಮಾಡ್ತೀವಾ?" ಬೇಕು ಅಂತ ಮಾಡಲ್ಲ, ನನಗೆ ಗೊತ್ತು. ಆದರೆ ಯೋಚನೆ ಮಾಡಿ. ಅವರನ್ನು ಕೂರಿಸಲೇಬೇಕು, ವಾಕರ್ ಮಡಚಲೇಬೇಕು. ಯಾವುದು ಮೊದಲಾದರೂ ಹಿಡಿಯುವ ಸಮಯ ಅಷ್ಟೇ. ಬದಲಾಗುವುದು ಕ್ರಮ ಮಾತ್ರ. ಹಾರ್ನ್ ಹೊಡೆಯುವವನು ಹೊಡೆಯಲಿ. ಅವನ ಸದ್ದಿಗೆ ಹೆದರಿ ಅಮ್ಮನನ್ನು ನಡುರಸ್ತೆಯಲ್ಲಿ ಕೈ ಬಿಡೋಕಾಗುತ್ತಾ?

ಇನ್ನು ಮಡಚುವ ವಿಷಯ. ತುಂಬಾ ಜನ ವಾಕರ್ ಕೊಂಡ ಮೇಲೆ ಒಮ್ಮೆಯೂ ಮನೆಯಲ್ಲಿ ಸಮಾಧಾನವಾಗಿ ಕೂತು ಮಡಚಿ ನೋಡಿರುವುದಿಲ್ಲ. ಮೊದಲ ಸಲ ಮಡಚುವುದೇ ರಸ್ತೆ ಬದಿಯಲ್ಲಿ. ಮಡಚುವ ರೀತಿ ಮುಖ್ಯವಾಗಿ ಎರಡು. ಒಂದರಲ್ಲಿ ಸೀಟಿನ ಮಧ್ಯದ ಪಟ್ಟಿ ಮೇಲೆ ಎಳೆದರೆ ಎಡ ಬಲ ಎರಡೂ ಪಕ್ಕ ಹತ್ತಿರ ಬರುತ್ತವೆ. ಇಂಥವು ಮಡಚಿದ ಮೇಲೂ ಸಾಮಾನ್ಯವಾಗಿ ತಾವೇ ನಿಲ್ಲುತ್ತವೆ. ಇನ್ನೊಂದರಲ್ಲಿ ಸೀಟು ಎತ್ತಿ ಅದರ ಕೆಳಗಿನ ಪಟ್ಟಿಯನ್ನೋ ಲಿವರನ್ನೋ ಎಳೆಯಬೇಕು. ಮುಂದಿನ ಕಾಲು ಹಿಂದಿನ ಕಾಲು ಸೇರಿಕೊಳ್ಳುತ್ತವೆ. ನಿಮ್ಮ ಮನೆಯದು ಯಾವುದು ಅಂತ ಮನೆಯಲ್ಲೇ ನೋಡಿಕೊಳ್ಳಿ. ಅದರ ಜೊತೆ ಬಂದ ಪುಸ್ತಕ ಎಲ್ಲೋ ಇರುತ್ತದೆ, ತೆಗೆದು ಓದಿ.

ಮಡಚಿಕೊಳ್ಳದೇ ಇದ್ದರೆ ಬಲ ಹಾಕಬೇಡಿ. ದಯವಿಟ್ಟು ಕಾಲಲ್ಲಿ ತುಳಿಯಬೇಡಿ. ಹತ್ತರಲ್ಲಿ ಒಂಬತ್ತು ಸಲ ಸೀಟಿನ ಕೆಳಗಿನ ಚೀಲದಲ್ಲಿ ಏನೋ ಸಿಕ್ಕಿಕೊಂಡಿರುತ್ತದೆ. ನೀರಿನ ಬಾಟಲಿ, ಛತ್ರಿ, ಔಷಧಿ ಡಬ್ಬಿ. ಬುಟ್ಟಿ ತಂತಿಯದಾದರೆ ಅದನ್ನೇ ಮೊದಲು ತೆಗೆಯಬೇಕಾಗುತ್ತದೆ. ಅದನ್ನು ಬಿಟ್ಟು ಒತ್ತಿದರೆ ಕೀಲು ಬಾಗುತ್ತದೆ. ಬಾಗಿದ ಕೀಲಿನ ವಾಕರ್ ಮುಂದೆ ಒಂದು ದಿನ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಪೂರ್ತಿ ಬಿಚ್ಚಿಕೊಳ್ಳದ ವಾಕರ್ ಮೇಲೆ ನಿಮ್ಮ ಅಮ್ಮ ಭಾರ ಹಾಕುತ್ತಾರೆ. ಸರಿಯಾಗಿ ಮಡಚಿಕೊಂಡ ಮೇಲೆ ಪಕ್ಕದಲ್ಲಿರುವ ಕ್ಲಿಪ್ ಹಾಕಿ, ಇಲ್ಲದಿದ್ದರೆ ಎತ್ತುವಾಗ ಅರ್ಧಕ್ಕೆ ಬಿಚ್ಚಿಕೊಂಡು ಬೆರಳು ಸಿಕ್ಕಿಕೊಳ್ಳುತ್ತದೆ. ಬಿಚ್ಚುವಾಗಲೂ ಅಷ್ಟೆ. ಸೀಟಿನ ಪಕ್ಕದ ಕಂಬಿಗಳನ್ನು ಬರೀ ಅಂಗೈಯಿಂದ ಒತ್ತಿ, ಬೆರಳು ಸುತ್ತಿ ಹಿಡಿಯಬೇಡಿ.

ಎತ್ತುವಾಗ ಜನ ಹಿಡಿಯುವ ಜಾಗ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಹ್ಯಾಂಡಲ್‌ನಿಂದ ಚಕ್ರಕ್ಕೆ ಹೋಗುವ ಬ್ರೇಕ್ ಕೇಬಲ್ ಇದೆಯಲ್ಲ, ಬಳ್ಳಿಯಂತೆ ಬಾಗಿರುತ್ತದೆ, ಅದನ್ನೇ ಹಿಡಿದು ಎತ್ತುತ್ತಾರೆ. ಅಥವಾ ಡಿಕ್ಕಿಯ ಲಾಕ್‌ಗೆ ಅದು ಸಿಕ್ಕಿಕೊಂಡಿದ್ದರೂ ಎಳೆಯುತ್ತಾರೆ. ಆ ಕೇಬಲ್ ಒಂದು ಕಡೆ ಮುರಿದಂತೆ ಬಾಗಿದರೆ ಸಾಕು, ಆ ಪಕ್ಕದ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಎರಡೂ ಬ್ರೇಕ್ ಒತ್ತಿದಾಗ ಒಂದು ಚಕ್ರ ನಿಂತು ಇನ್ನೊಂದು ಓಡುತ್ತದೆ, ವಾಕರ್ ಪಕ್ಕಕ್ಕೆ ತಿರುಗಿಬಿಡುತ್ತದೆ. ಹಿಡಿದವರು ಎಲ್ಲಿಗೆ ಹೋಗಬೇಕು? ಎತ್ತುವುದಾದರೆ ಕಂಬಿ ಹಿಡಿದು ಎತ್ತಿ. ಮಂಡಿ ಬಗ್ಗಿಸಿ, ವಾಕರನ್ನು ಮೈಗೆ ಹತ್ತಿರ ಹಿಡಿದು, ಚಕ್ರಗಳನ್ನು ಡಿಕ್ಕಿಯ ಅಂಚಿನ ಮೇಲೆ ಊರಿ ಒಳಗೆ ಜಾರಿಸಿ. ನಿಮ್ಮ ಬೆನ್ನೂ ಉಳಿಯುತ್ತದೆ.

"ಹಗುರವಾದದ್ದು ಕೊಂಡರೆ ಈ ತಾಪತ್ರಯ ಇರಲ್ಲ" ಅಂತ ಹೇಳುವವರಿದ್ದಾರೆ. ಸ್ಟೀಲಿನದು 9, 10 ಕಿಲೋ ತೂಗಬಹುದು, ಅಲ್ಯೂಮಿನಿಯಂ ಆದರೆ ಸುಮಾರು 6ರಿಂದ 8, ಕಾರ್ಬನ್ ಫೈಬರ್ ಇನ್ನೂ ಹಗುರ. ಎತ್ತುವವರಿಗೆ ಆರಾಮ, ನಿಜ. ಆದರೆ ಅಮ್ಮನನ್ನು ನಿಲ್ಲಿಸಿ ಮಡಚಿದರೆ ಹಗುರದ್ದಾದರೂ ಅಷ್ಟೆ, ಭಾರದ್ದಾದರೂ ಅಷ್ಟೆ.

ಡಿಕ್ಕಿಯಲ್ಲಿ ಮಲಗಿಸಿ ಇಡಿ, ಮೇಲೆ ಸೂಟ್‌ಕೇಸ್ ಹೇರಬೇಡಿ, ಅಲುಗದಂತೆ ಕಟ್ಟಿ. ಹಿಂದಿನ ಸೀಟಿನ ಮೇಲೆ ಸುಮ್ನೆ ಎಸೆಯುವ ಅಭ್ಯಾಸ ಇದೆಯಲ್ಲ, ಅದು ನನ್ನನ್ನು ನಿಜವಾಗಿ ಹೆದರಿಸುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಯಾವುದಕ್ಕೋ ಡಿಕ್ಕಿ ಹೊಡೆದು ನಿಂತರೆ ಒಳಗೆ ಕಟ್ಟದೇ ಇಟ್ಟ ವಸ್ತು ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗ ಅದು. 8 ಕಿಲೋ ಲೋಹ ಮೂರು ಮಹಡಿ ಮೇಲಿಂದ ತಲೆ ಮೇಲೆ ಬಿದ್ದರೆ ಏನಾಗುತ್ತದೆ? ಮುಂದಿನ ಸೀಟಿನಲ್ಲಿ ಕೂತಿರುವುದು ಯಾರು? ಒಳಗೇ ಇಡಬೇಕಾಗಿ ಬಂದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಬಿಗಿಯಾಗಿ ಕೂರಿಸಿ, ಗಟ್ಟಿಯಾದ ಪಟ್ಟಿಯಿಂದ ಕಟ್ಟಿ.

ಡಿಕ್ಕಿಗೆ ಹಿಡಿಯಲ್ಲ ಅಂತ ಹ್ಯಾಂಡಲ್ ಕೆಳಗಿಳಿಸುತ್ತೇವೆ. ಮತ್ತೆ ಏರಿಸುವಾಗ ಅಂದಾಜಿನಲ್ಲಿ ಯಾವುದೋ ತೂತಿಗೆ ಸಿಕ್ಕಿಸುತ್ತೇವೆ. ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ. ಅಥವಾ ಎರಡೂ ಎತ್ತರ ಜಾಸ್ತಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಹ್ಯಾಂಡಲ್ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಗ್ಗಿರಬೇಕು. ಅಮ್ಮನ ವಾಕರ್‌ನಲ್ಲಿ ಸರಿಯಾದ ತೂತಿನ ಪಕ್ಕ ಎರಡೂ ಕಡೆ ಕೆಂಪು ಟೇಪ್ ಸುತ್ತಿದ್ದೇನೆ. ಯಾರು ಏರಿಸಿದರೂ ಅಲ್ಲಿಗೇ ಬರುತ್ತದೆ.

ಬಸ್ಸು, ರೈಲಿನಲ್ಲೂ ಅದೇ ಮಾತು, ಮೊದಲು ಅವರು ಕೂರಲಿ. ಓಡುವ ಗಾಡಿಯಲ್ಲಿ ವಾಕರ್‌ನ ಸೀಟಿನ ಮೇಲೆ ಕೂರಿಸಬೇಡಿ. ಆ ಸೀಟು ನಿಂತ ನೆಲದ ಮೇಲೆ ಸುಧಾರಿಸಿಕೊಳ್ಳೋಕೆ ಮಾತ್ರ. ಕೂರಿಸಿಕೊಂಡು ತಳ್ಳುವುದೂ ಬೇಡ, ಅದು ವೀಲ್‌ಚೇರ್ ಅಲ್ಲ. ವಿಮಾನದಲ್ಲಿ ಪರವಾಗಿಲ್ಲ, ನಿಯಮಗಳು ಇವರ ಪರ ಇವೆ. ಯುರೋಪಿನ 2006ರ ನಿಯಮದ ಪ್ರಕಾರ ಇಂಥ ಸಾಧನಗಳನ್ನು ಎರಡರ ತನಕ ಬಿಟ್ಟಿ ಸಾಗಿಸಬೇಕು, 48 ಗಂಟೆ ಮೊದಲು ತಿಳಿಸಿರಬೇಕು ಅಷ್ಟೆ. ಎಲ್ಲಿಂದ ಹೊರಟರೂ ಮುಂಚೆಯೇ ಕೇಳಿ. ಸಾಧ್ಯವಾದರೆ ವಿಮಾನದ ಬಾಗಿಲ ತನಕ ವಾಕರ್ ಅವರ ಕೈಯಲ್ಲೇ ಇರಲಿ. ಹೆಸರಿನ ಚೀಟಿ ಕಟ್ಟಿ, ಚೀಲ ಬುಟ್ಟಿ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಈಗ ಮನೆಯೊಳಗಿನ ಮಾತು. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ, ಬರೆಯುತ್ತೇನೆ. ನೆಂಟರು ಬರುತ್ತಾರೆ ಅಂದ ಕೂಡಲೇ ತುಂಬಾ ಮನೆಗಳಲ್ಲಿ ವಾಕರ್ ಮಾಯವಾಗುತ್ತದೆ. ಮಡಚಿ ಬಾಗಿಲ ಹಿಂದೆ, ಮಂಚದ ಕೆಳಗೆ, ಒಳಕೋಣೆಯಲ್ಲಿ. ಹಾಲ್ ಚೆನ್ನಾಗಿ ಕಾಣಬೇಕಂತೆ. ಆಗ ಆ ಮನೆಯ ಹಿರಿಯರು ಏನು ಮಾಡುತ್ತಾರೆ ಗೊತ್ತಾ? ಒಂದೇ ಕುರ್ಚಿಯಲ್ಲಿ ಕೂತಿರುತ್ತಾರೆ. ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಎದ್ದರೆ ಹಿಡಿಯೋಕೆ ಏನೂ ಇರಲ್ಲ, ಎಲ್ಲರೆದುರು ಕೇಳೋಕೆ ನಾಚಿಕೆ. ಹೀಗೆ ಬಾಯಾರಿ ಕೂತಿದ್ದವರೊಬ್ಬರು ನನ್ನ ಅಮ್ಮನ ಕೈ ಹಿಡಿದು ಇದನ್ನು ಹೇಳಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಆವತ್ತಿಂದ ವಾಕರ್ ಎತ್ತಿ ಒಳಗಿಡೋಕೆ ಬರುವ ಯಾರನ್ನು ಕಂಡರೂ ನನಗೆ ಆಗಿಬರಲ್ಲ.

ಈ ಸಾಧನವನ್ನು ಈಗಿನ ರೂಪಕ್ಕೆ ತಂದವರು ಸ್ವೀಡನ್ನಿನ ಐನಾ ವಿಫಾಲ್ಕ್. ಚಿಕ್ಕ ವಯಸ್ಸಿನಲ್ಲೇ ಪೋಲಿಯೋ ಬಂದು ನಡೆಯೋಕೆ ಕಷ್ಟಪಟ್ಟ ಹೆಂಗಸು. 1978ರಲ್ಲಿ ಚಕ್ರದ ವಾಕರ್ ಕಲ್ಪನೆ ಮುಂದಿಟ್ಟರು. ನಡೆಯಲಾಗದ ಕಷ್ಟ ಮೈಮೇಲೆ ಅನುಭವಿಸಿದವರು ಯೋಚಿಸಿದ ವಸ್ತು ಇದು. ಇನ್ನೊಬ್ಬರನ್ನು ಕರೆಯದೆ ತಾನೇ ಎದ್ದು ಹೋಗಬೇಕು ಅನ್ನುವುದೇ ಅದರ ಉದ್ದೇಶ. ಅದನ್ನು ಕೈಗೆ ಸಿಗದಂತೆ ಇಟ್ಟರೆ ಪ್ರತಿ ಸಲ ನಮ್ಮನ್ನು ಕರೆಯಲೇಬೇಕಾಗುತ್ತದೆ. ರಾತ್ರಿಯಂತೂ ಕರೆಯುವುದೇ ಇಲ್ಲ, ಮಕ್ಕಳ ನಿದ್ದೆ ಕೆಡುತ್ತದೆ ಅಂತ ಗೋಡೆ ತಡವಿಕೊಂಡು ಹೋಗುತ್ತಾರೆ.

ಹಾಗಾಗಿ ರಾತ್ರಿ ವಾಕರ್ ಮಡಚಿ ಇಡುವ ಪ್ರಶ್ನೆಯೇ ಇಲ್ಲ. ಬಿಚ್ಚಿದ ಸ್ಥಿತಿಯಲ್ಲೇ, ಬ್ರೇಕ್ ಲಾಕ್ ಆಗಿ, ಅವರು ಯಾವ ಪಕ್ಕಕ್ಕೆ ಇಳಿಯುತ್ತಾರೋ ಆ ಪಕ್ಕ, ಕೂತಲ್ಲಿಂದ ಕೈ ಚಾಚಿದರೆ ಸಿಗುವಂತೆ ಇರಬೇಕು. ತುಂಬಾ ದಿನ ಬಳಸದೇ ಇದ್ದರೆ ಮಾತ್ರ ಮಡಚಿ, ಒಣಗಿದ ಜಾಗದಲ್ಲಿ ಇಡಿ. ಬಿಸಿಲಿಗೆ ಹಿಡಿಕೆಯ ಫೋಮ್ ಬಿರಿಯುತ್ತದೆ, ಟೈರ್ ಗಡುಸಾಗುತ್ತದೆ. ತೇವಕ್ಕೆ ಸ್ಟೀಲ್ ತುಕ್ಕು ಹಿಡಿಯುತ್ತದೆ. ಚಕ್ರದ ನಡುವೆ ಕೂದಲು ದಾರ ಸುತ್ತಿಕೊಂಡಿರುತ್ತದೆ, ಆಗಾಗ ಬಿಡಿಸಿ. ಮೆಟ್ಟಿಲ ತುದಿಯಲ್ಲಿ ಯಾವತ್ತೂ ನಿಲ್ಲಿಸಬೇಡಿ.

ಕೊನೆಗೆ, ಯಾವ ಪ್ರಯಾಣ ಮುಗಿಸಿ ಬಿಚ್ಚಿದರೂ ಅವರ ಕೈಗೆ ಕೊಡುವ ಮೊದಲು ಒಂದು ಸಲ ನೋಡಿ. ಸೀಟಿನ ಕಂಬಿ ಒತ್ತಿದಾಗ ಟಕ್ ಅಂತ ಸದ್ದು ಬರಬೇಕು. ಎರಡೂ ಬ್ರೇಕ್ ಲಾಕ್ ಮಾಡಿ ಮುಂದೆ ತಳ್ಳಿ. ಹಿಂದಿನ ಎರಡು ಚಕ್ರಗಳೂ ಉರುಳಬಾರದು. ಒಂದು ಉರುಳಿದರೂ ಕೇಬಲ್ ಸರಿಮಾಡಿಸುವ ತನಕ ಆ ವಾಕರ್ ಕೊಡಬೇಡಿ. ಈ ಬ್ರೇಕ್ ಪರೀಕ್ಷೆಯನ್ನು ಅವರಿಗೂ ಕಲಿಸಿಕೊಡಿ. ನಮ್ಮ ಅಮ್ಮ ಈಗ ಕಾರಿನ ಸೀಟಿನಲ್ಲಿ ಕೂತೇ ಅದನ್ನು ತಾನೇ ತಳ್ಳಿ ನೋಡುತ್ತಾಳೆ, ಸರಿ ಅನ್ನಿಸಿದ ಮೇಲೇ ಏಳುತ್ತಾಳೆ.